ಹೈಸ್ಕೂಲ್ ಮಕ್ಕಳ ಸಂಗೀತ ಸ್ಕಾಲರ್‌ಶಿಪ್: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಮಕ್ಕಳನ್ನು ಸಂಗೀತ ಕ್ಲಾಸಿಗೆ ಕಳಿಸುವವರು ವರ್ಷ ವರ್ಷ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಫಾರ್ಮ್ ತುಂಬಿಸಲು ಕೂತಾಗ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ವಯಸ್ಸಿನ ಪ್ರಶ್ನೆ ಮತ್ತು ಹೆಸರಿನ ಪ್ರಶ್ನೆ, ಇವೆರಡನ್ನಾದರೂ ಓದಿ. ಇಲ್ಲಿ ಅರ್ಜಿ ಹಾಳಾಗುವುದು ಹಾಡು ಚೆನ್ನಾಗಿಲ್ಲ ಅಂತ ಅಲ್ಲ, ಬಹುತೇಕ ಈ ಎರಡರಿಂದಲೇ.

ಯಾವ ಸ್ಕಾಲರ್‌ಶಿಪ್ ಇದು? ಯಾರು ಕೊಡುವುದು?

ಕೇಂದ್ರ ಸಂಸ್ಕೃತಿ ಸಚಿವಾಲಯದ ಕೆಳಗೆ ಸಿಸಿಆರ್‌ಟಿ (ಸೆಂಟರ್ ಫಾರ್ ಕಲ್ಚರಲ್ ರಿಸೋರ್ಸಸ್ ಆ್ಯಂಡ್ ಟ್ರೈನಿಂಗ್) ಅಂತ ಒಂದು ಸಂಸ್ಥೆ ಇದೆ, ಮುಖ್ಯ ಕಚೇರಿ ದೆಹಲಿಯ ದ್ವಾರಕಾದಲ್ಲಿ. ಅವರು 1982ರಿಂದ ಕಲೆ ಕಲಿಯುವ ಶಾಲಾ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತಾ ಬಂದಿದ್ದಾರೆ. ಸಂಗೀತ, ನೃತ್ಯ, ನಾಟಕ, ಚಿತ್ರಕಲೆ ಎಲ್ಲ ಇದರಲ್ಲಿ ಬರುತ್ತದೆ. ಇಡೀ ದೇಶಕ್ಕೆ ವರ್ಷಕ್ಕೆ 650. ಅದರಲ್ಲಿ 100 ಪಾರಂಪರಿಕ ಕಲಾವಿದರ ಮನೆಯ ಮಕ್ಕಳಿಗೆ, 125 ಬುಡಕಟ್ಟು ಕಲೆಗಳಿಗೆ, 30 ಅಂಗವಿಕಲ ಮಕ್ಕಳಿಗೆ, 20 ಬರವಣಿಗೆಗೆ. ಉಳಿದದ್ದು ಸಾಮಾನ್ಯ ವಿಭಾಗ. ದೇಶಕ್ಕೆಲ್ಲ 650 ಅಂದರೆ ಕಮ್ಮಿಯೇ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಕಡೆಯಿಂದ ಅರ್ಜಿ ಹಾಕುವವರೇ ಕಡಿಮೆ. ಹಾಕದೆ ಸಿಗುವುದಿಲ್ಲ ಅಲ್ವಾ.

ಎಷ್ಟು ಹಣ ಬರುತ್ತದೆ?

ವರ್ಷಕ್ಕೆ 3600 ರೂಪಾಯಿ. ಅದರ ಮೇಲೆ ನೀವು ಗುರುಗಳಿಗೆ ಕೊಟ್ಟ ಫೀಸು ವಾಪಸ್, ವರ್ಷಕ್ಕೆ ಹೆಚ್ಚೆಂದರೆ 9000. ತಿಂಗಳ ಲೆಕ್ಕದಲ್ಲಿ 300 ಕೈಗೆ, ಫೀಸು 750ರವರೆಗೆ. ಈ ಕಾಲಕ್ಕೆ ದೊಡ್ಡ ಮೊತ್ತವಲ್ಲ. ಒಂದು ಒಳ್ಳೆಯ ಮೃದಂಗವೂ ಬರಲಿಕ್ಕಿಲ್ಲ. ಆದರೆ ಒಮ್ಮೆ ಸಿಕ್ಕಿದರೆ ಎರಡೆರಡು ವರ್ಷಕ್ಕೆ ನವೀಕರಿಸುತ್ತಾ ಮಗುವಿಗೆ 20 ವರ್ಷ ಆಗುವವರೆಗೆ, ಅಥವಾ ಮೊದಲ ಡಿಗ್ರಿ ಮುಗಿಯುವವರೆಗೆ ಮುಂದುವರಿಯಬಹುದು. ಏಳನೇ ಕ್ಲಾಸಿನಲ್ಲಿ ಸಿಕ್ಕಿದ ಮಗುವಿಗೆ ಪ್ಲಸ್ ಟು ದಾಟಿದ ಮೇಲೂ ಬರುತ್ತಿರಬಹುದು ಅಂದರೆ ಲೆಕ್ಕ ಬೇರೆಯೇ ಆಗುತ್ತದೆ. ನನ್ನ ಪ್ರಕಾರ ಹಣಕ್ಕಿಂತ ದೊಡ್ಡ ಲಾಭ ಇನ್ನೊಂದು. ಎಸ್ಸೆಸ್ಸೆಲ್ಸಿ ಬಂತು ಅಂತ ಸಂಗೀತ ನಿಲ್ಲಿಸುವ ಚಾಳಿ ನಮ್ಮಲ್ಲಿ ಇದೆ. ಸ್ಕಾಲರ್‌ಶಿಪ್ ಇದ್ದರೆ ಮನೆಯವರು ಅಷ್ಟು ಸುಲಭದಲ್ಲಿ ನಿಲ್ಲಿಸುವುದಿಲ್ಲ.

ಮಗಳು ಈಗ ಹತ್ತನೇ ಕ್ಲಾಸು. ಹಾಕಬಹುದಾ?

ಹೆಚ್ಚಿನವರಿಗೆ ಆಗುವುದಿಲ್ಲ. ಹೊಸದಾಗಿ ಅರ್ಜಿ ಹಾಕುವವರ ವಯಸ್ಸು 10ರಿಂದ 14ರ ಒಳಗೆ ಇರಬೇಕು. ಹತ್ತನೇ ಕ್ಲಾಸಿಗೆ ಬರುವಾಗ ಮಕ್ಕಳಿಗೆ 15 ಆಗಿರುತ್ತದೆ ಅಥವಾ ಆಗುತ್ತಾ ಇರುತ್ತದೆ. ಹೈಸ್ಕೂಲಿಗೆ ಸೇರಿದ ಮೇಲೆ ನೋಡುವಾ ಅಂತ ಕಾಯುವುದೇ ಇಲ್ಲಿ ದೊಡ್ಡ ತಾಪತ್ರಯ. ಎಂಟನೇ ಕ್ಲಾಸು ಅಂದರೆ ಬಹುತೇಕ ಮಕ್ಕಳಿಗೆ ಕೊನೆಯ ಬಸ್ಸು. ಒಂಬತ್ತನೇ ಕ್ಲಾಸಿನಲ್ಲಿ ಹುಟ್ಟಿದ ತಿಂಗಳು ನೋಡಬೇಕು, ಯಾವ ದಿನಾಂಕಕ್ಕೆ ವಯಸ್ಸು ಲೆಕ್ಕ ಹಾಕುವುದು ಅಂತ ಆ ವರ್ಷದ ಪ್ರಕಟಣೆಯಲ್ಲೇ ಬರೆದಿರುತ್ತಾರೆ. ಹಾಗಾಗಿ ಆರು, ಏಳನೇ ಕ್ಲಾಸಿನಲ್ಲೇ ಶುರು ಮಾಡಿ. ಮನೆಯಲ್ಲಿ ತಂಗಿಯೋ ತಮ್ಮನೋ ಇದ್ದರೆ ಅವರ ವಯಸ್ಸನ್ನು ಈಗಲೇ ಲೆಕ್ಕ ಹಾಕಿಡಿ. 14 ದಾಟಿದವರಿಗೆ ಏನಿದೆ ಅಂತ ಕೆಳಗೆ ಹೇಳಿದ್ದೇನೆ.

ನಾವಿರುವುದು ಕೇರಳದಲ್ಲಿ, ಮಗ ಕಲಿಯುವುದು ಕನ್ನಡ ಮಾಧ್ಯಮದಲ್ಲಿ, ಸಂಗೀತದ ಗುರುಗಳು ಪುತ್ತೂರಿನವರು. ಯಾವ ರಾಜ್ಯದ ಲೆಕ್ಕಕ್ಕೆ ಬರುತ್ತೇವೆ?

ಇದು ಕೇಂದ್ರದ ಸ್ಕಾಲರ್‌ಶಿಪ್. ಗಡಿಯ ತಲೆನೋವು ಇಲ್ಲಿ ಕಡಿಮೆ, ನನಗೆ ಇದು ಇಷ್ಟವಾಗುವುದೂ ಅದಕ್ಕೇ. ಮಗು ಮಾನ್ಯತೆ ಇರುವ ಶಾಲೆಯಲ್ಲಿ ಓದುತ್ತಿರಬೇಕು, ಮಾಧ್ಯಮ ಯಾವುದಾದರೂ ಆಗಲಿ. ವಿಳಾಸ ನಿಮ್ಮ ಆಧಾರ್‌ನಲ್ಲಿ ಇರುವುದೇ, ಅಂದರೆ ಕೇರಳ, ಕಾಸರಗೋಡು ಜಿಲ್ಲೆ. ಗುರುಗಳು ತಲಪಾಡಿ ಗೇಟಿನ ಆಚೆಯವರು ಅಂತ ಹೆದರಬೇಡಿ. ಅಜ್ಜಿ ಮನೆ ವಿಟ್ಲದಲ್ಲಿ ಇದೆ, ಆ ವಿಳಾಸ ಹಾಕಿದರೆ ಅನುಕೂಲ ಆಗಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಶಾಲೆ ಒಂದು ರಾಜ್ಯ, ವಿಳಾಸ ಇನ್ನೊಂದು ಆದರೆ ಆಮೇಲೆ ನೂರೆಂಟು ವಿವರಣೆ ಕೊಡಬೇಕಾಗುತ್ತದೆ.

ಕರ್ನಾಟಕ ಸರಕಾರದ್ದು ನಮಗೆ ಸಿಗುವುದಿಲ್ವಾ?

ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಶಿಷ್ಯವೇತನ ಕೊಡುತ್ತದೆ, ಆದರೆ ಅದು ಹೈಸ್ಕೂಲು ದಾಟಿದ ವಯಸ್ಸಿನವರಿಗೆ. ಮಗು ಮುಂದೆ ಮಂಗಳೂರಿಗೋ ಮೈಸೂರಿಗೋ ಕಾಲೇಜಿಗೆ ಹೋದರೆ ಆಗ ನೋಡಿ. ಈಗ ಅದರ ಹಿಂದೆ ಓಡಬೇಡಿ.

ಕರ್ನಾಟಕ ಸಂಗೀತ ಮಾತ್ರವಾ? ಮೃದಂಗ, ಹಿಂದೂಸ್ತಾನಿ, ಯಕ್ಷಗಾನ?

ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡೂ ಆಗುತ್ತದೆ. ಹಾಡುಗಾರಿಕೆಯೂ ಆಗುತ್ತದೆ, ವಾದ್ಯವೂ ಆಗುತ್ತದೆ. ಮೃದಂಗ, ವಯೊಲಿನ್, ಕೊಳಲು, ವೀಣೆ ಕಲಿಯುವವರು ಧೈರ್ಯದಿಂದ ಹಾಕಿ, ಹಾಡುಗಾರಿಕೆಯಷ್ಟು ನೂಕುನುಗ್ಗಲು ಅಲ್ಲಿ ಇರುವುದಿಲ್ಲ.

ಯಕ್ಷಗಾನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಜಿಲ್ಲೆ ನಮ್ಮದು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರು ದೇಶಕ್ಕೆಲ್ಲ ಗೊತ್ತಿರುವುದು 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ, ನಮ್ಮೂರಲ್ಲಿ ಅವರು ಯಕ್ಷಗಾನ, ಸಂಗೀತಕ್ಕೆ ಆಸರೆಯಾಗಿ ನಿಂತವರು, ಸ್ವತಃ ಹಾಡುತ್ತಿದ್ದವರು. ಇಂಥ ಊರಿನಲ್ಲಿ ಭಾಗವತಿಕೆ, ಚೆಂಡೆ, ಮದ್ದಳೆ ಕಲಿಯುವ ಮಕ್ಕಳು ತಮ್ಮದು ಸ್ಕಾಲರ್‌ಶಿಪ್ಪಿಗೆ ಲೆಕ್ಕಕ್ಕೇ ಇಲ್ಲ ಅಂದುಕೊಂಡು ಸುಮ್ನೆ ಕೂರುತ್ತಾರೆ. ಪಾರಂಪರಿಕ ಕಲೆಗಳಿಗೂ ಇದರಲ್ಲಿ ಜಾಗ ಇದೆ. ಅಪ್ಪನೋ ಅಜ್ಜನೋ ಮೇಳದಲ್ಲಿ ತಿರುಗಾಟ ಮಾಡಿದವರಾದರೆ ಆ 100ರ ವಿಭಾಗದ ನಿಯಮವನ್ನೂ ಓದಿ ನೋಡಿ, ಅದಕ್ಕೆ ಹಾಕುವವರು ವರಮಾನದ ಸರ್ಟಿಫಿಕೇಟನ್ನೂ ತೆಗೆದಿಡಿ. ಕೊರಗ ಸಮುದಾಯದ ಮಕ್ಕಳು ಡೋಲು, ಕೊಳಲು ಕಲಿತಿದ್ದರೆ ಅವರಿಗೆ ಬುಡಕಟ್ಟು ಕಲೆಯ ವಿಭಾಗ ಇದೆ. ನಿಮ್ಮ ಶಾಲೆಯಲ್ಲಿ ಅಂಥ ಮಗು ಇದ್ದರೆ ಟೀಚರ್‌ಗಳು ದಯವಿಟ್ಟು ಅವರ ಮನೆಯವರಿಗೆ ಹೇಳಿ. ಈ ಸುದ್ದಿ ಅವರವರೆಗೆ ತಾನಾಗಿ ಹೋಗುವುದಿಲ್ಲ.

ಟಿವಿ ಶೋದಲ್ಲಿ ಹಾಡಿದ್ದಾಳೆ, ಸಿನಿಮಾ ಹಾಡು ಚೆನ್ನಾಗಿ ಹಾಡುತ್ತಾಳೆ. ಸಾಕಾ?

ಸಾಲದು. ಕ್ರಮವಾಗಿ ಗುರುಗಳ ಹತ್ತಿರ ಕಲಿಯುತ್ತಿರಬೇಕು.

ನಮ್ಮ ಟೀಚರ್‌ಗೆ ಶಾಲೆ-ಗೀಲೆ ಏನೂ ಇಲ್ಲ, ಮನೆಯ ಚಾವಡಿಯಲ್ಲೇ ಹೇಳಿಕೊಡುವುದು. ಆಗುತ್ತದಾ?

ಆಗುತ್ತದೆ. ಗುರುವಾದರೂ ಸರಿ, ಸಂಸ್ಥೆಯಾದರೂ ಸರಿ. ಗುರುಗಳಿಂದ ಒಂದು ಪತ್ರ ಬೇಕು: ಈ ಮಗು ನನ್ನ ಹತ್ತಿರ ಇಂಥ ವರ್ಷದಿಂದ ಕಲಿಯುತ್ತಿದೆ, ಇಂತಿಷ್ಟು ಪಾಠ ಆಗಿದೆ ಅಂತ. ಮುಂದೆ ಫೀಸು ವಾಪಸ್ ಬರಬೇಕಾದರೆ ರಶೀದಿಯೂ ಬೇಕು. ನಮ್ಮ ಕಡೆ ಫೀಸನ್ನು ಕವರಿನಲ್ಲಿ ಹಾಕಿ ತಟ್ಟೆಯಲ್ಲಿಟ್ಟು ನಮಸ್ಕಾರ ಮಾಡಿ ಕೊಡುವ ಕ್ರಮ. ಅಲ್ಲಿ ರಶೀದಿ ಕೇಳಲು ಸಂಕೋಚ, ಕೊಡಲು ಅವರಿಗೂ ಸಂಕೋಚ. ಗುರುಗಳಿಗೆ ಮೊದಲೇ ವಿಷಯ ಹೇಳಿ, ಅಂಗಡಿಯಲ್ಲಿ ಸಿಗುವ ರಶೀದಿ ಪುಸ್ತಕ ಒಂದು ನೀವೇ ತಂದುಕೊಡಿ. ತಿಂಗಳು ತಿಂಗಳು ಬರೆಸಿಕೊಳ್ಳಿ. ವರ್ಷದ ಕೊನೆಗೆ ಹನ್ನೆರಡು ತಿಂಗಳದ್ದನ್ನು ಒಂದೇ ಪೆನ್ನಿನಲ್ಲಿ, ಒಂದೇ ದಿನ ಬರೆಸಿದರೆ ನೋಡುವವರಿಗೆ ಗೊತ್ತಾಗುತ್ತದೆ.

ಯಾವ ಯಾವ ಕಾಗದ ಬೇಕು?

ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಎಚ್.ಎಂ. ಕೊಡುವ ಪತ್ರ, ಗುರುಗಳ ಪತ್ರ, ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ವಿಭಾಗಕ್ಕೆ ತಕ್ಕ ಜಾತಿ ಅಥವಾ ವರಮಾನದ ಸರ್ಟಿಫಿಕೇಟ್. ಸಂಗೀತ ಪರೀಕ್ಷೆಯ, ಸ್ಪರ್ಧೆಯ ಸರ್ಟಿಫಿಕೇಟ್ ಇದ್ದರೆ ಅದೂ ಇರಲಿ. ಇಷ್ಟನ್ನು ಪ್ರಕಟಣೆ ಬರುವ ಮೊದಲೇ ಒಂದು ಫೈಲಿನಲ್ಲಿ ಹಾಕಿಡಿ. ಪ್ರಕಟಣೆ ಬಂದ ಮೇಲೆ ವಿಲ್ಲೇಜ್ ಆಫೀಸಿಗೆ ಓಡಿದರೆ ಆ ವಾರವೇ ಹರತಾಳವೋ ಚುನಾವಣೆ ಡ್ಯೂಟಿಯೋ ಇರುತ್ತದೆ!

ವರಮಾನ, ಜಾತಿ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಿಂದ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಇ-ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕುವುದು ಎಲ್ಲರಿಗೂ ಗೊತ್ತಿದೆ. ಒಂದು ಮಾತು ಮಾತ್ರ ನೆನಪಿಡಿ, ಈ ಕಾಗದ ನೋಡುವವರು ದೆಹಲಿಯಲ್ಲಿ ಇದ್ದಾರೆ. ಮಲಯಾಳದಲ್ಲಿ ಅಥವಾ ಕನ್ನಡದಲ್ಲಿ ಇರುವ ಕಾಗದ ಅವರಿಗೆ ಓದಲು ಆಗುವುದಿಲ್ಲ. ಎಚ್.ಎಂ. ಪತ್ರ, ಗುರುಗಳ ಪತ್ರ ಎರಡನ್ನೂ ಇಂಗ್ಲಿಷಿನಲ್ಲೇ ಬರೆಸಿ.

ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು ಹೆಸರು. ಏನು ಮಾಡುವುದು?

ಕಾಸರಗೋಡಿನಲ್ಲಿ ಇದು ಪ್ರತಿ ಮೂರನೇ ಮನೆಯ ಕತೆ ಅಂತ ನನಗೆ ಅನಿಸುತ್ತದೆ. ಉದಾಹರಣೆಗೆ ಶಾಲೆಯ ರಿಜಿಸ್ಟರಿನಲ್ಲಿ ‘ಶ್ರೀಲಕ್ಷ್ಮಿ ಕೆ.’, ಆಧಾರ್‌ನಲ್ಲಿ ‘ಶ್ರೀಲಕ್ಷ್ಮೀ ಕೃಷ್ಣ ಭಟ್’, ಪಾಸ್‌ಬುಕ್ಕಿನಲ್ಲಿ ಬರೀ ‘ಶ್ರೀಲಕ್ಷ್ಮಿ’. ಆ ‘ಕೆ.’ ಅಪ್ಪನ ಹೆಸರಾ, ಮನೆ ಹೆಸರಾ, ಊರಾ ಅಂತ ಅಮ್ಮನಿಗೂ ಗೊತ್ತಿರುವುದಿಲ್ಲ. ಕನ್ನಡದ ಹೆಸರು ಮಲಯಾಳದಲ್ಲಿ ಬರೆದು, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ‘ಭಟ್’ ‘ಭಟ್ಟ’ ಆಗಿ, ‘ಶೆಟ್ಟಿ’ಯ ಸ್ಪೆಲ್ಲಿಂಗ್ ಮೂರು ಥರ ಆಗಿ ಬರುತ್ತದೆ. ಹೇಳುವವರು ಯಾರು, ಕೇಳುವವರು ಯಾರು.

ದಾರಿ ಎರಡಿದೆ. ಸಮಯ ಇದ್ದರೆ ಆಧಾರ್ ಹೆಸರನ್ನು ಶಾಲೆಯ ದಾಖಲೆಗೆ ಸರಿಯಾಗಿ ತಿದ್ದಿಸಿ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಕೊನೆಗೆ ಬರುವುದು ಶಾಲೆಯ ಹೆಸರು, ಹಾಗಾಗಿ ಅದನ್ನು ಅಡಿಪಾಯ ಮಾಡಿಕೊಳ್ಳುವುದು ಒಳ್ಳೆಯದು. ಸಮಯ ಇಲ್ಲದಿದ್ದರೆ ವಿಲ್ಲೇಜ್ ಆಫೀಸಿನಿಂದ ‘ವನ್ ಆ್ಯಂಡ್ ದ ಸೇಮ್’ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಎರಡೂ ಹೆಸರು ಒಬ್ಬರದೇ ಅಂತ ಅದರಲ್ಲಿ ಇರುತ್ತದೆ. ಅರ್ಜಿಯಲ್ಲಿ ಮಾತ್ರ ಎಲ್ಲ ಕಡೆ ಒಂದೇ ಥರ ಬರೆಯಿರಿ. ಅಕ್ಷಯದಲ್ಲಿ ಟೈಪ್ ಮಾಡಿದ ಮೇಲೆ ಸಬ್ಮಿಟ್ ಒತ್ತುವ ಮೊದಲು ಸ್ಕ್ರೀನ್ ನಿಮ್ಮ ಕಡೆ ತಿರುಗಿಸಲು ಹೇಳಿ, ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಒಂದೊಂದೇ ಅಕ್ಷರ ಓದಿ. ಹಿಂದೆ ಕ್ಯೂ ಇದೆ ಅಂತ ನಾಚಿಕೆ ಬೇಡ.

ಅಪ್ಪನ ಖಾತೆ ಕೊಟ್ಟರೆ ಸಾಲದಾ?

ಮಗುವಿನ ಹೆಸರಲ್ಲೇ ಖಾತೆ ಮಾಡಿ. 10 ವರ್ಷ ದಾಟಿದ ಮಕ್ಕಳು ತಾವೇ ಸಹಿ ಹಾಕಿ ನಡೆಸುವ ಉಳಿತಾಯ ಖಾತೆ ತೆರೆಯಬಹುದು. ಆಧಾರ್ ಲಿಂಕ್ ಮಾಡಿಸಿ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಆಧಾರ್ ಮೂಲಕ ಬರುವ ಹಣ ಕೊನೆಗೆ ಲಿಂಕ್ ಮಾಡಿದ ಖಾತೆಗೆ ಹೋಗುತ್ತದೆ. ಹಣ ಬಂದಿಲ್ಲ ಅಂತ ಬೊಬ್ಬೆ ಹೊಡೆಯುವ ಮೊದಲು ಹಳೆಯ ಪಾಸ್‌ಬುಕ್ಕನ್ನೂ ಎಂಟ್ರಿ ಮಾಡಿಸಿ ನೋಡಿ.

ಆಡಿಶನ್‌ನಲ್ಲಿ ಏನು ಕೇಳುತ್ತಾರೆ?

ತಜ್ಞರ ಎದುರು ಹಾಡಬೇಕು ಅಥವಾ ನುಡಿಸಬೇಕು. ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಅವರು ನೋಡುವುದು ಮಗು ಎಷ್ಟು ಕೃತಿ ಕಲಿತಿದೆ ಅಂತ ಅಲ್ಲ. ಶ್ರುತಿ ನಿಲ್ಲುತ್ತದಾ, ತಾಳ ಜಾರುತ್ತದಾ, ಮುಂದೆ ಬೆಳೆಯುವ ಲಕ್ಷಣ ಇದೆಯಾ, ಇಷ್ಟು.

ಹಾಗಾಗಿ ನಮ್ಮ ಮಕ್ಕಳಿಗೆ ನಾನು ಹೇಳುವುದು ಒಂದೇ. ಗಟ್ಟಿಯಾಗಿ ಬರುವ ಆದಿತಾಳದ ವರ್ಣ ಒಂದು, ಎರಡು ಕಾಲದಲ್ಲಿ. ಚೆನ್ನಾಗಿ ಪಾಠ ಆದ ಒಂದು ಅಥವಾ ಎರಡು ಕೃತಿ. ಮೇಲಿನ ಹಂತದ ಮಕ್ಕಳಾದರೆ ಅದೇ ರಾಗದಲ್ಲಿ ಸಣ್ಣ ಆಲಾಪನೆ, ನಾಲ್ಕು ಆವರ್ತ ಕಲ್ಪನಾಸ್ವರ. ಯಾರಿಗೋ ತೋರಿಸಬೇಕು ಅಂತ ದೊಡ್ಡ ರಾಗದ ದೊಡ್ಡ ಕೃತಿಯನ್ನು ಹಿಂದಿನ ವಾರ ಕಲಿಸಿ ಕಳಿಸಬೇಡಿ. ಮಾಯಾಮಾಳವಗೌಳದ ಸರಳಿ ವರಸೆಯನ್ನು ಮೂರು ಕಾಲದಲ್ಲಿ ಹಾಡು ಅಂದರೆ ತಡವರಿಸುವ ಮಗು, ದೊಡ್ಡ ಕೃತಿ ಹಾಡಿದರೆ ಪ್ರಯೋಜನ ಏನು?

ಹಾಡಿದ ರಾಗದ ಆರೋಹಣ-ಅವರೋಹಣ, ಅದು ಯಾವ ಮೇಳಕರ್ತ ರಾಗದಿಂದ ಬಂದದ್ದು, ತಾಳ ಯಾವುದು, ರಚನೆ ಯಾರದು ಅಂತ ಕೇಳಬಹುದು. ಇಷ್ಟು ಬಾಯಲ್ಲಿ ಇರಲಿ. ತಾಳವನ್ನು ಕೈಯಲ್ಲಿ ಹಾಕುತ್ತಾ ಹಾಡಲಿ. ಕ್ಲಾಸಿನಲ್ಲಿ ಟೀಚರ್ ತಾಳ ಹಾಕುವುದೇ ಅಭ್ಯಾಸ ಆಗಿ ಹೋದ ಮಕ್ಕಳಿಗೆ ಅಲ್ಲಿ ಒಮ್ಮೆಗೇ ಕೈ ಬರುವುದಿಲ್ಲ.

ಶ್ರುತಿ ಪೆಟ್ಟಿಗೆ ನಿಮ್ಮದೇ ತೆಗೆದುಕೊಂಡು ಹೋಗಿ. ಈಗ ಎಲ್ಲರೂ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕುತ್ತಾರೆ, ಆಗಲಿ, ಆದರೆ ಏರೋಪ್ಲೇನ್ ಮೋಡಿನಲ್ಲಿ ಹಾಕಿ. ಮಗು ಕಣ್ಣು ಮುಚ್ಚಿ ತಾರ ಷಡ್ಜಕ್ಕೆ ಹೋಗುವಾಗ ಸರಿಯಾಗಿ ಅಡಿಕೆ ವ್ಯಾಪಾರದವರ ಕರೆ ಬಂದು, ತಂಬೂರಿ ನಿಂತು, ಫೋನ್ ಗಡಗಡ ಅಲುಗಿದರೆ ಆ ಮಗುವಿನ ಗತಿ ಏನು ಹೇಳಿ!

ಮಗನಿಗೆ 13. ಗಂಟಲು ಒಡೆಯುತ್ತಾ ಇದೆ. ಈ ವರ್ಷ ಬೇಡವಾ?

ಗಂಡುಮಕ್ಕಳ ಮನೆಯವರು ಕೇಳಲೇಬೇಕಾದ ಪ್ರಶ್ನೆ ಇದು. ಅರ್ಜಿಗೆ ಇರುವ ವಯಸ್ಸೂ ಗಂಟಲು ಒಡೆಯುವ ವಯಸ್ಸೂ ಒಂದೇ. ಮುಂದಿನ ವರ್ಷ ಸರಿಯಾಗಲಿ ಅಂತ ಕಾದರೆ ವಯಸ್ಸು ದಾಟುತ್ತದೆ. ಆದ್ದರಿಂದ ಈ ವರ್ಷವೇ ಹಾಕಿ.

ಆಗುವುದು ಏನಂದರೆ, ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಒಳಗಿನ ಧ್ವನಿತಂತುಗಳು ಉದ್ದ ಮತ್ತು ದಪ್ಪ ಆಗುತ್ತವೆ. ಗಂಡುಮಕ್ಕಳ ಸ್ವರ ಸುಮಾರು ಒಂದು ಸ್ಥಾಯಿಯಷ್ಟು ಕೆಳಗೆ ಇಳಿಯುತ್ತದೆ. ಹೆಣ್ಣುಮಕ್ಕಳಿಗೂ ಬದಲಾವಣೆ ಇದೆ, ಆದರೆ ಬಹಳ ಕಡಿಮೆ. ಕಳೆದ ವರ್ಷ ಐದೂವರೆ ಶ್ರುತಿಯಲ್ಲಿ ಹಾಡುತ್ತಿದ್ದ ಹುಡುಗನಿಗೆ ಈಗ ಮೇಲಿನ ಷಡ್ಜ ಸಿಗುವುದಿಲ್ಲ, ಕೆಳಗಿನ ಪಂಚಮ ಇನ್ನೂ ಗಟ್ಟಿಯಾಗಿಲ್ಲ, ನಡುವೆ ಎಲ್ಲೋ ಸ್ವರ ಸೀಳುತ್ತದೆ. ಅವನು ಅಭ್ಯಾಸ ಮಾಡದೆ ಹಾಗಾದದ್ದಲ್ಲ, ಬೈಯಬೇಡಿ. ಹಳೆಯ ಶ್ರುತಿಯಲ್ಲೇ ಕಿರುಚಿಸಿ ಹಾಡಿಸಬೇಡಿ. ಗುರುಗಳ ಹತ್ತಿರ ಕೇಳಿ ಶ್ರುತಿ ಇಳಿಸಿ, ಹೆಚ್ಚು ಮೇಲೆ-ಕೆಳಗೆ ಓಡಾಡದ ಕೃತಿ ಆರಿಸಿ. ಆಡಿಶನ್‌ನಲ್ಲಿ ಹಾಡುವ ಮೊದಲೇ ‘ಸರ್, ಗಂಟಲು ಒಡೆಯುತ್ತಾ ಇದೆ’ ಅಂತ ಹುಡುಗನೇ ಹೇಳಲಿ. ಕೂತವರು ಸಂಗೀತದವರು, ಅವರು ಈ ಹಂತ ಬಲ್ಲರು. ಅವರು ತಾಳ, ರಾಗದ ತಿಳಿವಳಿಕೆಯ ಕಡೆ ಗಮನ ಕೊಡಬಹುದು. ವಾದ್ಯವನ್ನೂ ಕಲಿಯುತ್ತಿರುವ ಹುಡುಗನಾದರೆ ವಾದ್ಯದಲ್ಲೇ ಅರ್ಜಿ ಹಾಕುವುದು ಜಾಣತನ.

ಮಗುವಿಗೆ ಹಿಂದಿ ಬರುವುದಿಲ್ಲ, ಮಲಯಾಳವೂ ಅಷ್ಟಕ್ಕಷ್ಟೆ. ಅಲ್ಲಿ ಮಾತಾಡುವುದು ಹೇಗೆ?

ರಾಗ, ತಾಳ, ಆರೋಹಣ, ಜನ್ಯ, ಇವೆಲ್ಲ ಎಲ್ಲ ಕಡೆ ಅದೇ ಶಬ್ದ. ಹೆಸರು, ಶಾಲೆ, ಗುರುಗಳ ಹೆಸರು, ಎಷ್ಟು ವರ್ಷದಿಂದ ಕಲಿಯುತ್ತಿದ್ದೇನೆ, ಇವತ್ತು ಏನು ಹಾಡುತ್ತೇನೆ ಅನ್ನುವ ಐದು ವಾಕ್ಯವನ್ನು ಇಂಗ್ಲಿಷಿನಲ್ಲಿ ಕಲಿಸಿ. ಸಾಕು. ಕನ್ನಡ ಮಾಧ್ಯಮದ ಮಕ್ಕಳು ಭಾಷೆಗೆ ಹೆದರಿ ಸ್ವರ ತಗ್ಗಿಸಿಬಿಡುತ್ತಾರೆ, ಅದೇ ಬೇಸರ.

ಜೂನಿಯರ್ ಪರೀಕ್ಷೆ ಪಾಸಾಗಿರಬೇಕಾ?

ಕಡ್ಡಾಯ ಅಲ್ಲ. ನಮ್ಮ ಕಡೆಯ ಎಷ್ಟೋ ಮಕ್ಕಳು ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಕಟ್ಟುತ್ತಾರೆ. ಪಾಸಾಗಿದ್ದರೆ ಸರ್ಟಿಫಿಕೇಟ್ ಲಗತ್ತಿಸಿ. ಅದು ಕ್ರಮವಾಗಿ ಕಲಿಯುತ್ತಿರುವುದಕ್ಕೆ ಸಾಕ್ಷಿ, ಅಷ್ಟೇ.

ಕಲೋತ್ಸವದಲ್ಲಿ ಎ ಗ್ರೇಡ್ ಇದೆ. ಅದಕ್ಕೇ ಸ್ಕಾಲರ್‌ಶಿಪ್ ಸಿಗುವುದಿಲ್ವಾ?

ಅದು ಬೇರೆ, ಇದು ಬೇರೆ. ಕೇರಳ ಶಾಲಾ ಕಲೋತ್ಸವ ರಾಜ್ಯ ಸರಕಾರದ್ದು. ಉಪಜಿಲ್ಲೆ, ಕಂದಾಯ ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋಗಿ ಎ ಗ್ರೇಡ್ ಪಡೆದವರಿಗೆ ಒಂದು ಸಲ 1000 ರೂಪಾಯಿ ಕೊಡುತ್ತಾರೆ, ಗ್ರೇಸ್ ಮಾರ್ಕ್ ಇದೆ. 2019ರಲ್ಲಿ ಕಾಞಂಗಾಡಿನಲ್ಲಿ 60ನೇ ಕಲೋತ್ಸವ ನಡೆದಾಗ ಜಿಲ್ಲೆಗೆ ಜಿಲ್ಲೆಯೇ ಅಲ್ಲಿತ್ತು. ಶಾಸ್ತ್ರೀಯ ಸಂಗೀತ, ವಯೊಲಿನ್, ಮೃದಂಗ, ಯಕ್ಷಗಾನ ಎಲ್ಲದಕ್ಕೂ ಅಲ್ಲಿ ಸ್ಪರ್ಧೆ ಇದೆ, ಮಕ್ಕಳು ಹೋಗಲಿ. ಆದರೆ ಕಲೋತ್ಸವದ ಸೀಸನ್ ಬಂದರೆ ಕೆಲವು ಮನೆಗಳಲ್ಲಿ ಜ್ವರ ಬಂದ ಹಾಗೆ ಆಗುತ್ತದೆ, ವರ್ಷವಿಡೀ ಒಂದೇ ಕೃತಿ, ಆಮೇಲೆ ಅಪೀಲು. ಅಪೀಲಿಗೆ ಓಡುವ ಶಕ್ತಿಯಲ್ಲಿ ಕಾಲು ಭಾಗ ಈ ಅರ್ಜಿಗೆ ಹಾಕಿದರೂ ಸಾಕಿತ್ತು.

‘ಆಯ್ಕೆ ಮಾಡಿಸಿ ಕೊಡುತ್ತೇವೆ, ಇಷ್ಟು ಕೊಡಿ’ ಅಂತ ಒಬ್ಬರು ಹೇಳಿದ್ದಾರೆ.

ಕೊಡಬೇಡಿ. ಅಕ್ಷಯದ ಸರ್ವಿಸ್ ಚಾರ್ಜ್ ಬಿಟ್ಟು ಯಾರಿಗೂ ಬಿಡಿಗಾಸು ಬೇಡ.

14 ದಾಟಿತು. ಇನ್ನೇನೂ ಇಲ್ವಾ?

ಇದೆ, ಸ್ವಲ್ಪ ಕಾಯಬೇಕು. 18ರಿಂದ 25 ವರ್ಷದವರಿಗೆ ಸಂಸ್ಕೃತಿ ಸಚಿವಾಲಯದ್ದೇ ಯುವ ಕಲಾವಿದರ ಸ್ಕಾಲರ್‌ಶಿಪ್ ಇದೆ, ತಿಂಗಳಿಗೆ 5000, ಎರಡು ವರ್ಷ. ಅದಕ್ಕೆ ಗಂಭೀರವಾಗಿ ಸಂಗೀತವನ್ನೇ ಹಿಡಿದವರು ಬೇಕು. ಆಕಾಶವಾಣಿ 16ರಿಂದ 24 ವರ್ಷದವರಿಗೆ ಸಂಗೀತ ಸ್ಪರ್ಧೆ ನಡೆಸುತ್ತದೆ, ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಿ. ಇನ್ನು ಸಂಗೀತಕ್ಕೆ ಸಂಬಂಧ ಇಲ್ಲದಿದ್ದರೂ ಎಂಟನೇ ಕ್ಲಾಸಿನಲ್ಲಿ ಬರೆಯುವ ಎನ್‌ಎಂಎಂಎಸ್ ಅನ್ನುವ ಕೇಂದ್ರದ ಸ್ಕಾಲರ್‌ಶಿಪ್ ಪರೀಕ್ಷೆ ಬಿಡಬೇಡಿ. ಪಾಸಾದರೆ ಒಂಬತ್ತರಿಂದ ಪ್ಲಸ್ ಟುವರೆಗೆ ವರ್ಷಕ್ಕೆ 12,000. ಮನೆಯ ವರಮಾನ ಕಡಿಮೆ ಇರುವವರಿಗೆ ಅದು. ಶಾಲೆ ಖರ್ಚು ಅದರಲ್ಲಿ ಹೋದರೆ ಸಂಗೀತದ ಫೀಸಿಗೆ ಮನೆಯಲ್ಲಿ ನಾಲ್ಕು ಕಾಸು ಉಳಿಯುತ್ತದೆ.

ಸಿಕ್ಕಿದ ಮೇಲೆ ಏನಾದರೂ ಮಾಡಬೇಕಾ, ಹಣ ತಾನಾಗಿ ಬರುತ್ತದಾ?

ತಾನಾಗಿ ಏನೂ ಬರುವುದಿಲ್ಲ. ಗುರುಗಳ ಸಹಿ ಇರುವ ಪ್ರಗತಿ ವರದಿ, ಫೀಸಿನ ರಶೀದಿ ಹೊತ್ತುಹೊತ್ತಿಗೆ ಕಳಿಸಬೇಕು. ಎರಡು ವರ್ಷ ಆದಾಗ ನವೀಕರಣ ಇದೆ. ಬಹಳ ಮಂದಿ ಜಾರುವುದು ಇಲ್ಲೇ, ಅದೂ ಹತ್ತನೇ ಕ್ಲಾಸಿನ ವರ್ಷ. ಟ್ಯೂಷನ್ ಗಲಾಟೆಯಲ್ಲಿ ಸಂಗೀತ ಕ್ಲಾಸಿಗೆ ಹೋಗುವುದೇ ನಿಲ್ಲುತ್ತದೆ, ವರದಿ ಹೋಗುವುದಿಲ್ಲ, ಹಣವೂ ನಿಲ್ಲುತ್ತದೆ. ವಾರಕ್ಕೆ ಒಂದೇ ಕ್ಲಾಸು ಮಾಡಿ, ಆದರೆ ಬಿಡಬೇಡಿ. ಕಳಿಸಿದ ಪ್ರತಿಯೊಂದಕ್ಕೂ ಜೆರಾಕ್ಸ್ ಇಟ್ಟುಕೊಳ್ಳಿ, ಸ್ಪೀಡ್ ಪೋಸ್ಟಿನ ಚೀಟಿಯನ್ನು ಅದಕ್ಕೇ ಪಿನ್ ಮಾಡಿ.

ಮಧ್ಯದಲ್ಲಿ ಗುರುಗಳನ್ನು ಬದಲಿಸಬೇಕಾಗಿ ಬಂದರೆ?

ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ಟೀಚರ್ ಮದುವೆಯಾಗಿ ಬೆಂಗಳೂರಿಗೆ ಹೋದರು, ನೀವು ಪೆರ್ಲದಿಂದ ಮಂಗಳೂರಿಗೆ ಮನೆ ಬದಲಿಸಿದಿರಿ, ಹೀಗೆ. ಮೊದಲು ಸಿಸಿಆರ್‌ಟಿಗೆ ಬರೆದು ತಿಳಿಸಿ, ಹಳೆಯ ಗುರುಗಳಿಂದ ಅಲ್ಲಿಯವರೆಗಿನ ವರದಿ ಮತ್ತು ರಶೀದಿ ತೆಗೆದುಕೊಳ್ಳಿ, ಆಮೇಲೆ ಹೊಸ ಗುರುಗಳ ಪತ್ರ ಕಳಿಸಿ. ಹೇಳದೆ ಬದಲಿಸಿದರೆ ಮುಂದಿನ ವರದಿಯಲ್ಲಿ ಬೇರೆ ಸಹಿ ನೋಡಿ ಅವರು ಕೇಳಿಯೇ ಕೇಳುತ್ತಾರೆ. ಹಳೆಯ ಗುರುಗಳ ಹತ್ತಿರ ಮುಖ ತಪ್ಪಿಸಿಕೊಂಡು ಬರಬೇಡಿ, ಅವರ ಒಂದು ಸಹಿಗೆ ಆಮೇಲೆ ಅವರ ಮನೆ ಬಾಗಿಲಿಗೇ ಹೋಗಬೇಕಾಗುತ್ತದೆ.